ವಿಚಾರಿಸಲು ಬಂದವನು

“ಒಬ್ಬಾವ ಗಾಡಿ ಮ್ಯಾಲ ಬಂದಾನ ಬೇ ಅನುಪಮಾ. ಕಿರಾಣಿ ಅಂಗಡಿ ಮುಂದ ನಿಂತು ನಿನ್ನ ಹೆಸರು ಹೇಳಿ ಕೇಳಾಕತ್ತಾನ,” ಎಂದು ಪಕ್ಕದ ಮನೆಯ ಸುಭಾನಬಿ ಬಾಗಿಲಲ್ಲೇ ನಿಂತು ಪಿಸುಗುಟ್ಟಿದಳು.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಅನುಪಮಾಳ ಕೈ ಏಳಲಿಲ್ಲ. ಬಂದೇಬಿಟ್ಟರೇ?

ಹಟ್ಟಿ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಅಪ್ಪ ಅಂಬಪ್ಪ ಹೋದ ವಾರ ಖಡಾಖಡಿ ಹೇಳಿ ಹೋಗಿದ್ದ: “ಎಮ್ಮೆಸ್ಸಿ ಓದ್ತೀಯಾ? ಓದು. ಫೀಜು ನೀನ ಹೊಂದಿಸ್ಕೋ. ಆಗಲಿಲ್ಲಾ, ಮಸ್ಕಿ ವರ ಅದಾನ. ಅವರ ಕಡಿಯವರು ಇಷ್ಟರಾಗ ವಿಚಾರಿಸಾಕ ಬರ್ತಾರ.”

ಅದಕ್ಕೇ ಅವಳು ಜೀವನದ ಮೊದಲ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದ್ದು. ಡಿಗ್ರಿಯ ಕೊನೆಯ ವರ್ಷ. ಗೆಳತಿ ಭಾರತಿಯ ಜೊತೆ ಕೂತು, ವಿದ್ಯಾರ್ಥಿಗಳಿಗೆ ಕೊಡುವ ಕಾರ್ಡುಗಳನ್ನೆಲ್ಲ ಜಾಲಾಡಿದ್ದಳು. ಒಂದಕ್ಕೆ ಸಿನಿಮಾ ಟಿಕೀಟಿನಲ್ಲಿ ರಿಯಾಯಿತಿ. ಇನ್ನೊಂದಕ್ಕೆ ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟ. “ಸಿಂಧನೂರಾಗ ವಿಮಾನ ಎಲ್ಲಿ ಇಳೀತದ, ಭತ್ತದ ಗದ್ದ್ಯಾಗೇನು?” ಎಂದು ಭಾರತಿ ನಕ್ಕಿದ್ದಳು. ಕೊನೆಗೆ ಅನುಪಮಾ ಆರಿಸಿದ್ದು ವರ್ಷದ ಶುಲ್ಕವಿಲ್ಲದ, ಕಂತಿನಲ್ಲಿ ತೀರಿಸಬಹುದಾದ ಸಾದಾ ಕಾರ್ಡು. ಅದರಿಂದ ಫೀಸು ಕಟ್ಟಿ, ಟ್ಯೂಷನ್ ದುಡ್ಡಿನಲ್ಲಿ ತೀರಿಸುವ ಆಸೆ. “ಎಲ್ಲಾ ಫೋನಿನಾಗ ಮುಗೀತದ, ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ,” ಎಂದು ಭಾರತಿ ಧೈರ್ಯ ಹೇಳಿದ್ದಳು.

ಕಾರ್ಡು ಬರುವ ಮೊದಲೇ ಮಸ್ಕಿಯವರು ಒಪ್ಪಿಬಿಟ್ಟರೆ? ಅವ್ವನೂ ಮುಕ್ಕುಂದದ ತವರಿಗೆ ಹೋಗಿದ್ದಳು. ವರನ ಕಡೆಯವರು ಮೊದಲು ಮನೆಗೆ ಬರುವುದಿಲ್ಲ, ಓಣಿಯನ್ನು ಕೇಳುತ್ತಾರೆ. ಓಣಿ ಹೇಳಿದ್ದೇ ಕೊನೆಯ ಮಾತು.

“ಚಾಚಿ, ನಿನ್ನ ಕಾಲಿಗಿ ಬೀಳ್ತೀನಿ. ಆ ಮಸ್ಕಿಯವಗ ನಮ್ಮ ಬಗ್ಗೆ ಕೆಟ್ಟದ್ದು ಹೇಳು.”

“ಹಾಂ?”

“ಮೈತುಂಬ ಸಾಲ ಅದ ಅನ್ನು. ಮನಿ ಬಾಡಿಗೀದು, ಇವತ್ತೋ ನಾಳೆಯೋ ಖಾಲಿ ಮಾಡ್ತಾರ ಅನ್ನು. ಹುಡುಗಿ ಮಾತಿನ ಮ್ಯಾಲ ಭರೋಸಾ ಇಲ್ಲ ಅನ್ನು.”

“ತೌಬಾ! ನಾ ಎತ್ತಿ ಆಡಿಸಿದ ಕೂಸಿನ ಮ್ಯಾಲ ಇಷ್ಟು ಸುಳ್ಳಾ?” ಸುಭಾನಬಿ ಕೆನ್ನೆ ಬಡಿದುಕೊಂಡಳು. ಆಮೇಲೆ ಹುಡುಗಿಯ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೊರಟಳು.

ಅನುಪಮಾ ಅಗಳಿ ಹಾಕಿ, ಕಿಟಕಿಯ ಸಂದಿಯಿಂದ ನೋಡಿದಳು. ಹೆಗಲಿಗೆ ಚೀಲ ಹಾಕಿಕೊಂಡ ಯುವಕ. ಸುಭಾನಬಿ ಕೈ ತಿರುವಿ ತಿರುವಿ ಹೇಳುತ್ತಿದ್ದಳು. ಅವನು ತಲೆ ಎತ್ತದೆ ಮೊಬೈಲಿನಲ್ಲಿ ಒತ್ತುತ್ತಿದ್ದ. ಆಮೇಲೆ ಮನೆಯ ಮುಂದೆಯೇ ಬಂದು ನಿಂತ. ಬಾಗಿಲ ಫೋಟೊ ತೆಗೆದ. ಬಾಗಿಲು ಬಡಿದ. ಅವಳು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡಳು. ಮತ್ತೆ ಬಡಿದ. ಹೆಸರು ಹಿಡಿದು ಕೂಗಿದ.

ಕೊನೆಗೆ ಗಾಡಿಯ ಸದ್ದು ದೂರವಾಯಿತು.

“ಹೋದ,” ಎಂದು ಸುಭಾನಬಿ ಒಳಬಂದು ಕುಸಿದು ಕೂತಳು. “ಚಾ ಕುಡೀರಿ ಅಂದ್ರ ಒಲ್ಲೆ ಅಂದ. ಎಷ್ಟು ವರ್ಷದಿಂದ ಇಲ್ಲಿ ಅದಾರ, ಮನಿ ಸ್ವಂತದ್ದೇನು, ಬರೇ ಇಂಥವ ಕೇಳಿದ. ಹುಡುಗಿ ಅಡಿಗಿ ಮಾಡ್ತಾಳೇನು ಅಂತ ಒಂದು ಮಾತು ಕೇಳ್ಲಿಲ್ಲ ನೋಡು. ಎಂಥಾ ಬೀಗರವ್ವ ಇವರು!”

ಅನುಪಮಾ ಅವಳನ್ನು ತಬ್ಬಿಕೊಂಡಳು. ಬದುಕಿದೆ ಅನ್ನಿಸಿತು.

ಸಂಜೆ ಮೊಬೈಲು ಗುಂಯ್‌ಗುಟ್ಟಿತು. ‘ನಿಮ್ಮ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕೃತವಾಗಿದೆ. ಕಾರಣ: ಇಂದು ನಡೆದ ಮನೆ ಪರಿಶೀಲನೆಯ ವರದಿ.’

“ಚಾಚಿ! ಅವ ಮಸ್ಕಿಯವ ಅಲ್ಲ, ಬ್ಯಾಂಕಿನಾವ!”

“ಯಾ ಅಲ್ಲಾ!” ಸುಭಾನಬಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಳಬ್ಯಾಡ ಬೇ. ಇನ್ನೊಮ್ಮೆ ಯಾರರ ಕೇಳಾಕ ಬರ್ಲಿ, ನಾ ಹೆಂಗ ಹೇಳ್ತೀನಿ ನೋಡು.”

ಅನುಪಮಾ ಮುಖ ತೊಳೆದು ಹೊರಬರುವಷ್ಟರಲ್ಲಿ ಓಣಿಯ ಮೂಲೆಯಲ್ಲಿ ಬಿಳಿ ಕಾರೊಂದು ನಿಂತಿತ್ತು. ಸುಭಾನಬಿ ಅದರ ಕಿಟಕಿಗೆ ಬಾಗಿ, ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದಳು: “ಬಂಗಾರದಂಥಾ ಹುಡುಗಿರೀ! ಸ್ವಂತ ಮನಿ, ಒಂದು ಪೈಸೆ ಸಾಲ ಇಲ್ಲ. ಕಣ್ಣು ಮುಚ್ಚಿ ಒಪ್ಗೊಳ್ರಿ!”

ಕಾರಿನ ಹಿಂದಿನ ಬಾಗಿಲು ತೆರೆದು, ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದ ಹೆಂಗಸೊಬ್ಬಳು ನಗುತ್ತ ಇಳಿದಳು.