ಸರ್ವಾಧಿಕಾರಿಯ ಬಾಲ್ಯ

ಸಿಂಚನ ಕಾದಂಬರಿಯನ್ನು ತರಗತಿಯ ಬೆಂಚಿನ ಮೇಲೆ ಕುಕ್ಕಿದಳು.

“ಮೊದಲನೇ ಪುಸ್ತಕದಲ್ಲಿ ಈ ಸರ್ವಾಧಿಕಾರಿ ಬಾಯಿಬಿಟ್ಟೋರನ್ನೆಲ್ಲ ಜೈಲಿಗೆ ಹಾಕಿಸ್ತಾನೆ. ಇದರಲ್ಲಿ ನೋಡಿದ್ರೆ, ಸ್ಕೂಲಲ್ಲಿದ್ದಾಗ ತುಂಬಾ ಒಳ್ಳೆಯವನಂತೆ. ಯಾರ ಕಿವಿಗೆ ಹೂವಿಡ್ತಾರೆ?”

“ಒಳ್ಳೆಯವನು ಹೇಗೆ ಕೆಟ್ಟ ಅಂತ ತಿಳ್ಕೊಳ್ಳೋಕೇ ಎಲ್ಲರೂ ಮುಗಿಬಿದ್ದು ಓದ್ತಿರೋದು ಕಣೇ,” ಎಂದಳು ಪುಸ್ತಕ ಕೊಟ್ಟಿದ್ದ ಗೆಳತಿ ಧೃತಿ.

“ಒಳ್ಳೆಯವರು ಹಾಗೆಲ್ಲ ಕೆಡಲ್ಲ. ಈ ಸರ್ವಾಧಿಕಾರಿಯಂಥವರಿಗೆ ಹುಟ್ಟುತ್ತಲೇ ಮೈಯೆಲ್ಲ ವಿಷ.” ಸಿಟ್ಟಿಗೆ ಸಿಂಚನಳ ಮೂಗು ಕೆಂಪಾಗಿತ್ತು.

ಮೀಟಿಂಗಿಗೆ ಹೊರಟ ಟೀಚರ್ ಅವಳನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟರು. “ಇವತ್ತಿಂದ ನೀನೇ ಲೀಡರ್. ನಾನು ಬರೋವರೆಗೂ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರಿ.”

ಸಿಂಚನ ಬೋರ್ಡಿನ ಪಕ್ಕ ಹೋಗಿ ನಿಂತಳು. ತರಗತಿ ತೆಪ್ಪಗಾಯಿತು.

“ಲೇ ಸಿಂಚು,” ಧೃತಿ ಪಿಸುಗುಟ್ಟಿದಳು, “ಅವನು ಯಾವಾಗ ಕೆಟ್ಟ ಅಂತ ಹೇಳ್ಲಾ?”

ಸಿಂಚನ ಬೋರ್ಡಿನ ಕಡೆ ತಿರುಗಿ, ದೊಡ್ಡ ಅಕ್ಷರಗಳಲ್ಲಿ ಧೃತಿಯ ಹೆಸರು ಬರೆದಳು.