ಬಲಗಡೆಯ ಗ್ಲಾಸು

“ಉಗಿ,” ಎಂದ ಗಂಡ, ಬಟ್ಟಲನ್ನು ಅವಳ ಗದ್ದದ ಕೆಳಗೆ ಹಿಡಿದು.

ಅವಳು ತಲೆಯಾಡಿಸಿ ನುಂಗಿಯೇಬಿಟ್ಟಳು. ಕಣ್ಣಲ್ಲಿ ನೀರು ತುಂಬಿತು. “ಮೂವತ್ತು ವರ್ಷ ನಮಗೆ ಅನ್ನ ಹಾಕಿದ್ದನ್ನ ಉಗೀಲಾ? ನನ್ನ ಕೈಲಾಗಲ್ಲ ರೀ.”

“ಬಾಟಲಿ ಕಂಡ್ರೆ ಮುಖ ತಿರುಗಿಸ್ತಿದ್ದೋಳು, ಈಗ ಒಂದು ಹನೀನೂ ಬಿಡಲ್ಲ.”

“ಸಹವಾಸದೋಷ.”

ವಿಸ್ಕಿ ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವನ ಕೆಲಸವಾಗಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಅವನ ಮೂಗಿನಿಂದ ವಾಸನೆಗಳನ್ನೆಲ್ಲ, ಜೊತೆಗೆ ನಾಲಿಗೆಯಿಂದ ರುಚಿಯನ್ನೂ, ಒರೆಸಿಕೊಂಡು ಹೋಯಿತು. ಅಂದಿನಿಂದ ಮನೆಯಲ್ಲೇ ಇದ್ದ. ಮೊನ್ನೆ ಕಾರ್ಖಾನೆಯ ಹಳೆಯ ಜೊತೆಗಾರರು ಎರಡು ಪುಟ್ಟ ಸೀಸೆ ಕಳಿಸಿದ್ದರು. ಒಂದು, ಹೊಸ ಮರದ ಪೀಪಾಯಿಯಲ್ಲಿ ಮಾಗಿದ್ದು. ಇನ್ನೊಂದು, ಹನ್ನೆರಡು ವರ್ಷದ ಹಿಂದೆ ಎಲ್ಲರೂ ಬೇಡವೆಂದರೂ ಹಠ ಹಿಡಿದು ಅವನು ತುಂಬಿಸಿದ್ದ, ಬಳಸಿ ಬಳಸಿ ಮರದ ಸತ್ವವೇ ಹೋದ ಹಳೆಯ ಪೀಪಾಯಿಯದು. ಯಾವ ಗ್ಲಾಸಿನಲ್ಲಿ ಯಾವುದೆಂದು ಅವನೊಬ್ಬನಿಗೇ ಗೊತ್ತು. ತನ್ನ ಹಠ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಅವನಿಗೆ ಉಳಿದಿದ್ದ ಮೂಗು ಹೆಂಡತಿಯದು.

ಆರು ತಿಂಗಳಿಂದ ಅವಳು ದಿನವೂ ಊಟಕ್ಕೆ ಮುಂಚೆ, ನಾಲಿಗೆ ಚೊಕ್ಕಟವಾಗಿರುವ ಹೊತ್ತಿನಲ್ಲಿ, ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಅವನಿಂದ ರುಚಿ ನೋಡುವುದನ್ನು ಕಲಿಯುತ್ತಿದ್ದಳು. ಅವನ ಕಸುಬಿನ ಪದಗಳು ತಲೆಗೆ ಹತ್ತಲೇ ಇಲ್ಲ. ಬಾಯಿಗೆ ಬಂದದ್ದೆಲ್ಲ ದರ್ಜಿಯ ಪದಗಳೇ. ಕಳೆದ ವಾರ ಅವನ ಸಪ್ಪೆ ಮುಖ ನೋಡಲಾರದೆ, ಬೇರೊಂದು ವಿಸ್ಕಿಯಲ್ಲಿ ಇಲ್ಲದ ಜೇನಿನ ವಾಸನೆಯನ್ನು ಇದೆ ಎಂದುಬಿಟ್ಟಿದ್ದಳು. ಆ ವಿಸ್ಕಿಯಲ್ಲಿ ಜೇನು ಸುಳಿಯುವುದೇ ಇಲ್ಲವೆಂದು ಅವನಿಗೆ ಗೊತ್ತಿತ್ತು. “ಕುರುಡನ ದಾರಿ ತಪ್ಪಿಸ್ಬೇಡ ಕಣೇ,” ಎಂದು ಎದ್ದುಹೋದವನು ಎರಡು ದಿನ ಮಾತಾಡಿರಲಿಲ್ಲ.

“ಎಡಗಡೇದು ಹೇಳು.”

“ಗಂಜಿ ಹಾಕಿದ ಹೊಸ ಅಂಗಿ. ನೋಡೋಕೆ ಜೋರು. ಆದ್ರೆ ಕಾಲರ್ ಕತ್ತು ಕೊಯ್ಯುತ್ತೆ.”

“ಬಲಗಡೇದು?”

ಅವಳು ಮೂಸಿದಳು. ಒಂದು ಹನಿ ನೀರು ಬಿಟ್ಟು ಮತ್ತೆ ಮೂಸಿದಳು. ಗುಟುಕರಿಸಿದಳು. “ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಆಮೇಲೆ…” ಹೇಳಲೋ ಬೇಡವೋ ಎಂದು ತಡೆದಳು. “ಸಪ್ಪೆ ರೀ.”

ಅವನ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. “ಆ ಸಪ್ಪೆ ನಂದು,” ಎಂದ. “ನುಂಗಿದ್ಯಾ? ಸುಮ್ನೆ ಕೂತ್ಕೋ. ಕೆಲವು ರುಚಿ ನುಂಗಿದ ಮೇಲೇ ಬರೋದು. ಮಾತಾಡ್ಬೇಡ.”

ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಏನೂ ಬಾರದಿದ್ದರೆ ಏನು ಹೇಳುವುದೆಂದು ಅವಳು ಹೆದರಿದಳು. ಗಾಳಿ ಹೊಡೆಯುವ ಸದ್ದು ನಿಂತಿತು. ಆಗ ಗಂಟಲಿನ ತಳದಿಂದ ಏನೋ ಮೆಲ್ಲಗೆ ಮೇಲಕ್ಕೆ ಹತ್ತಿತು.

“ಬಂತು,” ಎಂದಳು. “ಒದ್ದೆ ಉಣ್ಣೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಆ ಹಬೆ. ತಾಳಿ, ಅದರ ಹಿಂದೆ ಇನ್ನೊಂದಿದೆ. ಪೆನ್ಸಿಲ್ ಹೆರೆದಾಗ ಬರುತ್ತಲ್ಲ, ಅದು. ಹೋಗ್ತಾನೇ ಇಲ್ಲ ರೀ, ಇನ್ನೂ ಇದೆ.”

“ಸುಳ್ಳಲ್ಲ ತಾನೇ?”

“ನನ್ನ ಕತ್ತರಿ ಮೇಲಾಣೆ.”

ಅವನು ಕಣ್ಣು ಮುಚ್ಚಿದ. ಮೂಗಿನ ಹೊಳ್ಳೆಗಳು ಅರಳಿದವು. ಒಮ್ಮೆ, ಮತ್ತೊಮ್ಮೆ, ಬರಿಯ ಗಾಳಿಯನ್ನು ಆಳವಾಗಿ ಎಳೆದುಕೊಂಡ. ಮೊದಲೆಲ್ಲ ಕೆಲಸದಿಂದ ಬಂದವನೇ ಬಾಗಿಲಲ್ಲಿ ನಿಂತು ಮನೆಯನ್ನೂ, ಅವಳ ಕೂದಲನ್ನೂ ಹೀಗೇ ಮೂಸುತ್ತಿದ್ದ. ಎರಡು ವರ್ಷದಿಂದ ಅವಳು ಆ ಮುಖ ಕಂಡಿರಲಿಲ್ಲ. ಬಲಗಡೆಯ ಗ್ಲಾಸನ್ನು ಎತ್ತಿ ಅವನ ಬೆರಳುಗಳಿಗೆ ತಾಗಿಸಿದಳು.

“ಒಂದೇ ಒಂದು ಗುಟುಕು ರೀ. ಇವತ್ತು ತಿಳಿದ್ರೂ ತಿಳೀಬಹುದು.”

ಅವನು ಕಣ್ಣು ತೆರೆಯದೆಯೇ ಗ್ಲಾಸನ್ನು ಅವಳ ಕಡೆಗೆ ಸರಿಸಿದ.

“ಬೇಡ. ನಾನು ಕುಡಿದ್ರೆ ಅದು ಬರೀ ಉರಿ.”