ಅತ್ತೆ ಹಾಕಿದರೆ ನಿಲ್ಲುವ ಡ್ರೈಯರ್

ಭಾನುವಾರ ಭಾರ್ಗವಿ ಬಟ್ಟೆ ಹಾಕಿದರೆ ಹೊಸ ಡ್ರೈಯರ್‌ಗೆ ಯಾವ ರೋಗವೂ ಇರುತ್ತಿರಲಿಲ್ಲ. ಉಳಿದ ದಿನ, ಅವಳು ಆಫೀಸಿನಲ್ಲಿರುವಾಗ ಅತ್ತೆ ಹಾಕಿದರೆ ಮಾತ್ರ ನಾಲ್ಕು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಅತ್ತೆಯೇ ಆಫ್ ಮಾಡುತ್ತಾರೆಂದು ಅವಳಿಗೆ ಗುಮಾನಿ. ಮಷಿನ್ ಮನೆಗೆ ಬಂದ ದಿನವೇ "ಬಿಸಿಲಿಗೇನು ಬರವಾ?" ಅಂದವರಲ್ಲವೇ? ಸೊಸೆ ಅದಕ್ಕೆ ಒದ್ದೆ ಬಟ್ಟೆ ತುಂಬುವಾಗಲೆಲ್ಲ ಹುಳಿ ಕಚ್ಚಿದವರಂತೆ ಮುಖ ಕಿವುಚುತ್ತಿದ್ದರು.

ಕೊನೆಗೆ ಭಾರ್ಗವಿ ರಜೆ ಹಾಕಿ ರಿಪೇರಿಯವನನ್ನು ಕರೆಸಿದಳು.

"ಅತ್ತೆ, ದಿನಾ ಹೇಗೆ ಹಾಕ್ತೀರೋ ಹಾಗೇ ಹಾಕಿ," ಎಂದು ಅವರ ಕೈಯನ್ನೇ ನೋಡುತ್ತ ನಿಂತಳು.

ಅತ್ತೆ ಬುಟ್ಟಿ ತಂದು, ಬಟ್ಟೆ ತುಂಬಿ, ಗುಂಡಿ ಒತ್ತಿ, ಕೈ ಕಟ್ಟಿಕೊಂಡು ದೂರ ಸರಿದರು. ಮಷಿನ್ ಗುಂಯ್ ಎಂದು ಸ್ವಲ್ಪ ತಿರುಗಿ, ತಾನಾಗಿಯೇ ನಿಂತಿತು.

"ನೋಡಿದ್ಯೇನೇ? ನಾನು ಮುಟ್ಟೇ ಇಲ್ಲ," ಅಂದರು ಅತ್ತೆ.

ರಿಪೇರಿಯವನು ಬಾಗಿಲು ತೆಗೆದು ಸೀರೆಯೊಂದರ ಸೆರಗು ಹಿಸುಕಿ ನೋಡಿದ. "ಮಷಿನ್ ಸರಿಯಾಗೇ ಇದೆ ಮೇಡಂ. ಬಟ್ಟೇಲಿ ತೇವ ಇಲ್ಲಾಂದ್ರೆ ತಾನೇ ನಿಂತ್ಕೊಳುತ್ತೆ. ಇವು ಆಗ್ಲೇ ಒಣಗಿವೆಯಲ್ಲ."

ಭಾರ್ಗವಿ ಅತ್ತೆಯ ಕಡೆ ತಿರುಗಿದಳು.

"ಮತ್ತೆ? ಮಹಡಿ ಮೇಲೆ ಹರವಿ, ಒಣಗಿಸೇ ಹಾಕ್ತೀನಿ. ನಿನ್ನ ಹಾಗೆ ಒದ್ದೆ ಬಟ್ಟೆ ತುರುಕಿ ಹೊಸ ಮಷಿನ್‌ಗೆ ತುಕ್ಕು ಹಿಡಿಸ್ಲಾ?"